ಲೈಸೆನ್ಸ್ ಇಲ್ಲದೆ ಸ್ವಯಂಸೇವಕರೇ ನಡೆಸಿದ ರೇಡಿಯೊ ಸ್ಟೇಷನ್ ಭಾರತದಲ್ಲೂ ಇತ್ತೇ?

ಇತ್ತು. 1942ರಲ್ಲಿ ಬೊಂಬಾಯಿಯಿಂದ ಪ್ರಸಾರವಾದ ಕಾಂಗ್ರೆಸ್ ರೇಡಿಯೊ. ಇಂಗ್ಲೆಂಡಿನ ಕಡಲತೀರದಾಚೆ ಹಡಗಿನಿಂದ ಲೈಸೆನ್ಸ್ ಇಲ್ಲದೆ ಹಾಡು ಕೇಳಿಸಿದ ರೇಡಿಯೊ ಕ್ಯಾರೊಲಿನ್ ಶುರುವಾಗಿದ್ದು 1964ರಲ್ಲಿ. ಅದರ ಕಥೆ ಎಲ್ಲರಿಗೂ ಗೊತ್ತು, ನಮ್ಮದು ಬಹಳ ಜನಕ್ಕೆ ಗೊತ್ತಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಸರದ ವಿಷಯ.

ಕ್ವಿಟ್ ಇಂಡಿಯಾ ನಿರ್ಣಯವಾದ ಮರುದಿನ, ಆಗಸ್ಟ್ 9ರಂದು, ನಾಯಕರೆಲ್ಲ ಜೈಲು ಸೇರಿದರು. ಪತ್ರಿಕೆಗಳ ಬಾಯಿ ಕಟ್ಟಿತ್ತು. ಆಲ್ ಇಂಡಿಯಾ ರೇಡಿಯೊ ಸರ್ಕಾರದ ಕೈಲಿತ್ತು. ಆಗ ಮುಂದೆ ಬಂದವರು 22ರ ಹರೆಯದ ಉಷಾ ಮೆಹ್ತಾ, ಬಾಬುಭಾಯಿ ಖಾಖರ್, ಚಂದ್ರಕಾಂತ್ ಝವೇರಿ ಮುಂತಾದವರು. ಕಾಂಗ್ರೆಸ್ ಸಭೆಗಳಿಗೆ ಮೈಕು ಒದಗಿಸುತ್ತಿದ್ದ ಶಿಕಾಗೊ ರೇಡಿಯೊ ಕಂಪನಿಯ ನಾನಿಕ್ ಮೋಟ್ವಾನೆ ಸಲಕರಣೆ ಕೊಟ್ಟರು. ಭೂಗತರಾಗಿದ್ದ ರಾಮಮನೋಹರ ಲೋಹಿಯಾ ಭಾಷಣಕ್ಕೆ ಸಿಕ್ಕರು. ಆಗಸ್ಟ್ 27ಕ್ಕೆ ಮೊದಲ ಪ್ರಸಾರ: 'ಇದು ಕಾಂಗ್ರೆಸ್ ರೇಡಿಯೊ, 42.34 ಮೀಟರ್‌ನಲ್ಲಿ, ಭಾರತದ ಯಾವುದೋ ಒಂದು ಕಡೆಯಿಂದ.'

ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವ ಹುಚ್ಚಿರುವ ನಾನು ಈ 42.34 ಮೀಟರ್ ಅನ್ನೋ ತರಂಗದ ಉದ್ದದ ಹತ್ತಿರ ನಿಂತುಬಿಡುತ್ತೇನೆ. ಲೆಕ್ಕ ಹಾಕಿದರೆ ಅದರ ಆವರ್ತನ (ಫ್ರೀಕ್ವೆನ್ಸಿ) ಸುಮಾರು 7.08 ಮೆಗಾಹರ್ಟ್ಸ್, ಅಂದರೆ ನಾವು ಹವ್ಯಾಸಿಗಳು ಇವತ್ತೂ ಮಾತಾಡುವ 40 ಮೀಟರ್ ಬ್ಯಾಂಡು. ಎರಡನೇ ಮಹಾಯುದ್ಧ ಶುರುವಾದಾಗ ಹವ್ಯಾಸಿಗಳ ಲೈಸೆನ್ಸು ರದ್ದಾಗಿ, ಟ್ರಾನ್ಸ್‌ಮಿಟರುಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಗಿತ್ತು. ಕತ್ತಲಾದ ಮೇಲೆ ಈ ತರಂಗ ಮೇಲಿನ ವಾತಾವರಣದಲ್ಲಿ ವಿದ್ಯುತ್ ಕಣಗಳಿರುವ ಅಯಾನುಗೋಳ ಅನ್ನೋ ಪದರಕ್ಕೆ ತಾಗಿ ಹಿಂತಿರುಗಿ ನೂರಾರು ಮೈಲಿ ಹೋಗುತ್ತದೆ, ಸಣ್ಣ ಟ್ರಾನ್ಸ್‌ಮಿಟರ್ ಆದರೂ ಸಾಕು. ತೊಂದರೆಯೂ ಅಲ್ಲೇ ಇದೆ. ಕೇಳುಗನಿಗೆ ಸಿಕ್ಕಿದ್ದು ಪೊಲೀಸರಿಗೂ ಸಿಗುತ್ತದೆ. ಲೂಪ್ ಆಂಟೆನಾ, ಅಂದರೆ ಬಳೆಯಂತೆ ಸುತ್ತಿದ ಆಂಟೆನಾ ತಿರುಗಿಸಿ ಎರಡು ಜಾಗದಿಂದ ದಿಕ್ಕು ಹಿಡಿದರೆ, ಆ ಎರಡು ಗೆರೆ ಕೂಡುವಲ್ಲಿ ಸ್ಟೇಷನ್ ಇರುತ್ತದೆ. ಅದಕ್ಕೇ ಇವರು ಒಂದು ಕಡೆ ರೆಕಾರ್ಡ್ ಮಾಡಿ, ಇನ್ನೊಂದು ಕಡೆಯಿಂದ ಪ್ರಸಾರ ಮಾಡುತ್ತಿದ್ದರು. ಚೌಪಾಟಿ, ಲ್ಯಾಬರ್ನಮ್ ರಸ್ತೆ, ವಾಲ್ಕೇಶ್ವರ, ಗಿರ್ಗಾಂವ್ ಅಂತ ಬಾಡಿಗೆ ಮನೆ ಬದಲಿಸುತ್ತಲೇ ಇದ್ದರು. ಚಿತ್ತಗಾಂಗ್ ಮೇಲಿನ ಬಾಂಬ್ ದಾಳಿ, ಜಮ್ಷೆಡ್‌ಪುರದ ಮುಷ್ಕರ, ಇಂದಿನ ಮಹಾರಾಷ್ಟ್ರದ ಅಷ್ಟಿ-ಚಿಮೂರಿನ ದೌರ್ಜನ್ಯ, ಪತ್ರಿಕೆಗಳು ಮುಟ್ಟಲಾಗದ ಸುದ್ದಿಯೆಲ್ಲ ಇಲ್ಲಿಂದ ಹೊರಬಿತ್ತು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೊನೆಗೆ ಅವರನ್ನು ಹಿಡಿದುಕೊಟ್ಟಿದ್ದು ಒಳಗಿನವನೇ ಆದ ಒಬ್ಬ ತಂತ್ರಜ್ಞ. ನವೆಂಬರ್ 12ರಂದು ಬಾಬುಭಾಯಿಯ ಆಫೀಸಿನ ಮೇಲೆ ದಾಳಿಯಾಗಿದೆ ಅಂತ ಗೊತ್ತಿದ್ದೂ ಉಷಾ ಅಂದಿನ ಪ್ರಸಾರಕ್ಕೆ ಗಿರ್ಗಾಂವ್‌ನ ಮನೆಗೆ ಹೋದರು. ಕೊನೆಗೆ ವಂದೇ ಮಾತರಂ ಹಾಕಿದ್ದಾಗ ಪೊಲೀಸರು ಬಾಗಿಲು ಮುರಿದು ನುಗ್ಗಿದರು. ರೆಕಾರ್ಡ್ ನಿಲ್ಲಿಸು ಅಂದರು. ಉಷಾ ನಿಲ್ಲಿಸಲಿಲ್ಲ.

ಉಷಾ ಅವರಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. 1946ರಲ್ಲಿ ಬಿಡುಗಡೆಯಾಗಿ, ಮುಂದೆ ಬೊಂಬಾಯಿಯಲ್ಲೇ ರಾಜ್ಯಶಾಸ್ತ್ರ ಕಲಿಸಿದರು. 1998ರಲ್ಲಿ ಪದ್ಮವಿಭೂಷಣ ಬಂತು.

ಸ್ಟೇಷನ್ ನಡೆದಿದ್ದು ಮೂರು ತಿಂಗಳೂ ಇಲ್ಲ. ಆದರೂ ಅಲ್ಲಿ ಏನೇನು ಹೇಳಿದ್ದರು ಅಂತ ಇವತ್ತು ಓದಬಹುದು, ಏಕೆಂದರೆ ಪೊಲೀಸರು ಪ್ರಸಾರಗಳನ್ನು ಕೇಳಿ ಬರೆದಿಟ್ಟು ಕೋರ್ಟಿಗೆ ಸಾಕ್ಷಿಯಾಗಿ ತಂದಿದ್ದರು. ನಿಮಗೆ ಆಸಕ್ತಿ ಇದ್ದರೆ ಆ ಪ್ರಸಾರಗಳಿಂದಲೇ ಶುರು ಮಾಡಿ.