ಹಣಕಾಸು ಮಂತ್ರಿ ಕೈಯಲ್ಲಿ ಏನಿದೆ, ಏನಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಕಥೆ ಒಂದೇ. ತೊಂದರೆ ಕೊಟ್ಟ ನಿಯಮ ಒಂದು ಕಡೆಯದು, ಮನವಿ ಹೋಗಿರುವುದು ಇನ್ನೊಂದು ಕಡೆಗೆ. ದೆಹಲಿಯ ಹಣಕಾಸು ಮಂತ್ರಿ, ವಿಧಾನಸೌಧದ ಹಣಕಾಸು ಇಲಾಖೆ, ಜಿಎಸ್‌ಟಿ ಮಂಡಳಿ, ರಿಸರ್ವ್ ಬ್ಯಾಂಕ್ ಇವುಗಳ ಅಧಿಕಾರ ಬೇರೆ ಬೇರೆ. ಯಾವುದು ಯಾರದ್ದೆಂದು ತಿಳಿಯದೆ ಅಲೆದಾಡುವಷ್ಟರಲ್ಲಿ ನೋಟಿಸಿಗೆ ಉತ್ತರ ಕೊಡುವ ಗಡುವು ದಾಟಿಹೋಗಿರುತ್ತದೆ. ಹಾಗಾಗಿ ಪ್ರತಿ ಉತ್ತರದಲ್ಲೂ ನಿರ್ಧಾರ ಯಾರದ್ದು ಎಂಬುದನ್ನೂ ಹೇಳಿದ್ದೇವೆ.

ಪ್ರಶ್ನೆ: ವಿಜಯನಗರದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಹಾಲು, ಬಾಳೆಹಣ್ಣು, ಬ್ರೆಡ್, ಬಿಸ್ಕತ್ತು, ಸಿಗರೇಟು ಮಾರುತ್ತೇವೆ. 2024–25ರಲ್ಲಿ ಯುಪಿಐ ಮೂಲಕ 46 ಲಕ್ಷ ಬಂದಿದೆ, ಜಿಎಸ್‌ಟಿ ಯಾಕೆ ಕಟ್ಟಿಲ್ಲ ಎಂದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದೆ. ಜಿಎಸ್‌ಟಿ ನೋಂದಣಿಗೆ ಇರುವ 40 ಲಕ್ಷದ ವಾರ್ಷಿಕ ವಹಿವಾಟಿನ ಮಿತಿ ಏರಿಸಿ ಎಂದು ಯಾರಿಗೆ ಬರೆಯಬೇಕು, ಮುಖ್ಯಮಂತ್ರಿಗೋ ಕೇಂದ್ರ ಹಣಕಾಸು ಮಂತ್ರಿಗೋ?

ಪತ್ರ ಆಮೇಲೆ ಬರೆಯಿರಿ, ಮೊದಲು ನೋಟಿಸಿಗೆ ಉತ್ತರ ಕೊಡಿ. ನೋಟಿಸ್ ಕೊಟ್ಟಿರುವುದು ರಾಜ್ಯ ಸರ್ಕಾರದ ಇಲಾಖೆ. ಅದಕ್ಕೆ ಉತ್ತರ ಅಲ್ಲಿಗೇ, ಅದರಲ್ಲಿ ಬರೆದಿರುವ ದಿನಾಂಕದೊಳಗೇ ಹೋಗಬೇಕು. ಸುಮ್ಮನಿದ್ದರೆ ನೋಂದಣಿ ಇಲ್ಲದವರ ಮೇಲೆ ಜಿಎಸ್‌ಟಿ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಅಧಿಕಾರಿ ತಮಗೆ ಸರಿ ಕಂಡಂತೆ ಲೆಕ್ಕ ಹಾಕಿ ಆದೇಶ ಮಾಡಬಹುದು. ಆಮೇಲೆ ಉಳಿಯುವುದು ಮೇಲ್ಮನವಿ ಮಾತ್ರ. ಅದಕ್ಕೆ ಮೂರು ತಿಂಗಳ ಗಡುವು, ಜೊತೆಗೆ ನೀವು ಒಪ್ಪದ ತೆರಿಗೆಯ ಶೇ 10ರಷ್ಟನ್ನು ಮುಂಗಡ ಕಟ್ಟಬೇಕು.

ಉತ್ತರದಲ್ಲಿ ಏನಿರಬೇಕು? ಯುಪಿಐನಲ್ಲಿ ಬಂದ ಹಣವೆಲ್ಲ ವ್ಯಾಪಾರದ್ದಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಮನೆ ಬಾಡಿಗೆ, ಚೀಟಿ ಹಣ, ನೆಂಟರು ವಾಪಸ್ ಕೊಟ್ಟ ಕೈಸಾಲ ಇವನ್ನೆಲ್ಲ ಗುರುತು ಮಾಡಿ ಮೊದಲು ಹೊರಗಿಡಿ. ಉಳಿದದ್ದನ್ನು ಎರಡು ಪಾಲು ಮಾಡಿ. ಪ್ಯಾಕೆಟ್ ಹಾಲು, ಹಣ್ಣು, ಬ್ರೆಡ್ ಇವಕ್ಕೆ ತೆರಿಗೆ ಇಲ್ಲ. ಬಿಸ್ಕತ್ತು, ಸಿಗರೇಟಿಗೆ ಇದೆ. ಪ್ಯಾಕೆಟ್ ಮೊಸರು ಇಟ್ಟಿದ್ದರೆ ಅದನ್ನು ಹಾಲಿನ ಜೊತೆ ಸೇರಿಸಬೇಡಿ, ಅದಕ್ಕೆ ಶೇ 5 ತೆರಿಗೆ ಇದೆ. ಹಾಲಿನ ಡೀಲರ್ ಕೊಟ್ಟ ಬಿಲ್ಲು, ಮಾರುಕಟ್ಟೆಯ ಚೀಟಿ ಏನೇ ಇದ್ದರೂ ಲಗತ್ತಿಸಿ. ಹಾಲಿನ ಪಾಲು ದೊಡ್ಡದಿದ್ದು ಅದಕ್ಕೆ ದಾಖಲೆ ಕೊಡದೆ ಹೋದರೆ ಇಡೀ ಮೊತ್ತದ ಮೇಲೆ ತೆರಿಗೆ ಬೀಳುವ ಅಪಾಯ ಇದೆ.

ಇಲ್ಲಿ ಬಹಳ ಜನ ಎಡವುವ ಜಾಗಗಳು ಎರಡು. ಒಂದು, ನೋಂದಣಿಯ ಮಿತಿ ದಾಟಿದೆಯೇ ಎಂದು ನೋಡುವಾಗ ತೆರಿಗೆ ಇಲ್ಲದ ಹಾಲಿನ ವ್ಯಾಪಾರವೂ ಲೆಕ್ಕಕ್ಕೆ ಸೇರುತ್ತದೆ. ಬರೀ ಹಾಲು, ಹಣ್ಣು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನೇ ಮಾರುವವರಿಗೆ ನೋಂದಣಿ ಬೇಡ. ಜೊತೆಗೆ ಬಿಸ್ಕತ್ತನ್ನೂ ಮಾರಿದರೆ ಒಟ್ಟು ವಹಿವಾಟೇ ಅಳತೆ. ಎರಡು, 40 ಲಕ್ಷದ ಮಿತಿ ಸರಕು ಮಾತ್ರ ಮಾರುವವರಿಗೆ. ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕು ಮಾರುವವರಿಗೆ ಆ ರಿಯಾಯಿತಿ ಇಲ್ಲ, ಅವರ ಮಿತಿ 20 ಲಕ್ಷ. ನೀವು ಸಿಗರೇಟು ಮಾರುತ್ತೀರಿ, ಹಾಗಾಗಿ ನಿಮ್ಮದೂ 20 ಲಕ್ಷವೇ. ಅಂಗಡಿಯಲ್ಲೇ ಟೀ, ತಿಂಡಿ ಮಾಡಿಕೊಡುವುದು ಸೇವೆ ಎನಿಸಿಕೊಳ್ಳುವುದರಿಂದ ಅವರಿಗೂ 20 ಲಕ್ಷ. 2025ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳಿಗೆ ಸಾಲುಸಾಲಾಗಿ ನೋಟಿಸ್ ಬಂದಾಗ ಎಷ್ಟೋ ಕಡೆ ಕ್ಯೂಆರ್ ಕೋಡನ್ನೇ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದರು. ಅದರಿಂದ ಹಳೆ ಲೆಕ್ಕ ಅಳಿಯುವುದಿಲ್ಲ. ನಗದು ಮಾರಾಟವೂ ವಹಿವಾಟೇ.

ಮುಂದಿನ ದಾರಿಯಾಗಿ ಕಾಂಪೊಸಿಷನ್ ಪದ್ಧತಿಯ ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಕೇಳಿ. ವರ್ಷಕ್ಕೆ 1.5 ಕೋಟಿವರೆಗಿನ ವ್ಯಾಪಾರಿಗಳಿಗೆ ತೆರಿಗೆ ಬೀಳುವ ಮಾರಾಟದ ಮೇಲೆ ಶೇ 1 ಮಾತ್ರ. ಅಂಥ ಮಾರಾಟ 21 ಲಕ್ಷ ಇದ್ದರೆ ವರ್ಷಕ್ಕೆ 21,000 ರೂಪಾಯಿ. ಮೂರು ತಿಂಗಳಿಗೊಮ್ಮೆ ಹಣ ಕಟ್ಟಬೇಕು, ವರ್ಷಕ್ಕೊಂದು ರಿಟರ್ನ್ ಸಲ್ಲಿಸಬೇಕು. ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ನೋಂದಣಿಯೇ ಇರದಿದ್ದ ಹಿಂದಿನ ವರ್ಷಗಳಿಗೆ ಈ ಶೇ 1ರ ದರ ಸಿಗುವುದಿಲ್ಲ. ತಡ ಮಾಡಬೇಡಿ ಎನ್ನುವುದು ಇದಕ್ಕೇ.

ಇನ್ನು ಮಿತಿ ಏರಿಸುವ ವಿಷಯ. ಅದು ಮುಖ್ಯಮಂತ್ರಿ ಒಬ್ಬರೇ ಮಾಡುವ ಕೆಲಸವಲ್ಲ, ಕೇಂದ್ರ ಮಂತ್ರಿ ಒಬ್ಬರೇ ಮಾಡುವುದೂ ಅಲ್ಲ. ಸಂವಿಧಾನದ 279ಎ ವಿಧಿಯಂತೆ ಜಿಎಸ್‌ಟಿ ಮಂಡಳಿಗೆ ಕೇಂದ್ರ ಹಣಕಾಸು ಮಂತ್ರಿ ಅಧ್ಯಕ್ಷರು, ಪ್ರತಿ ರಾಜ್ಯದಿಂದ ಒಬ್ಬ ಮಂತ್ರಿ ಸದಸ್ಯರು. ಮತಕ್ಕೆ ಹಾಕಿದರೆ ಕೇಂದ್ರದ ತೂಕ ಮೂರರಲ್ಲಿ ಒಂದು ಪಾಲು, ರಾಜ್ಯಗಳೆಲ್ಲ ಸೇರಿ ಮೂರರಲ್ಲಿ ಎರಡು ಪಾಲು. ತೀರ್ಮಾನ ಆಗಲು ಬೇಕಾದದ್ದು ನಾಲ್ಕರಲ್ಲಿ ಮೂರು ಪಾಲು. ಅಂದರೆ ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರ ಬೇಡವೆಂದರೆ ಆಗದು. ಕೇಂದ್ರ ಬಯಸಿದರೂ ಸಾಕಷ್ಟು ರಾಜ್ಯಗಳು ಜೊತೆಗಿಲ್ಲದಿದ್ದರೆ ಆಗದು. ಮಂಡಳಿಯ ಮಾತು ಶಿಫಾರಸು, ಅದೇ ಕಾನೂನಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದರೂ ದರ, ಮಿತಿ ಎಲ್ಲ ಬದಲಾಗುತ್ತಿರುವುದು ಮಂಡಳಿಯ ಮೂಲಕವೇ. ಹಾಗಾಗಿ ನಿಮ್ಮ ಸಂಘದ ಮನವಿ ಮಂಡಳಿಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ಮಂತ್ರಿಗೆ ಹೋಗಲಿ. ಸಿಗರೇಟು ಮಾರುವ ಸಣ್ಣ ಅಂಗಡಿಗೂ 40 ಲಕ್ಷದ ಮಿತಿ ಕೊಡಿ ಎಂಬಂಥ ಒಂದೇ ಖಚಿತ ಬೇಡಿಕೆ ಅದರಲ್ಲಿರಲಿ. ‘ತೆರಿಗೆ ತೆಗೆಯಿರಿ’ ಎಂದಷ್ಟೇ ಬರೆದ ಪತ್ರವನ್ನು ಹಿಡಿದು ಮಂಡಳಿಯಲ್ಲಿ ಯಾರೂ ವಾದ ಮಾಡಲಾರರು.

ಪ್ರಶ್ನೆ: ಫೆಬ್ರವರಿ ಸಂಬಳದಲ್ಲಿ ವೃತ್ತಿ ತೆರಿಗೆ 200ರ ಬದಲು 300 ಕಡಿತವಾಗಿದೆ. ಕೇಂದ್ರ ಬಜೆಟ್‌ನಲ್ಲಿ ಹೆಚ್ಚಿಸಿದರೇ? – ವೈಟ್‌ಫೀಲ್ಡ್‌ನಿಂದ

ಇಲ್ಲ, ಇದು ರಾಜ್ಯದ ತೆರಿಗೆ. ತಿಂಗಳಿಗೆ 25,000 ರೂಪಾಯಿ ಅಥವಾ ಹೆಚ್ಚು ಸಂಬಳ ಇರುವವರಿಗೆ 11 ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300 ಎಂದು ಕರ್ನಾಟಕ 2025ರ ಏಪ್ರಿಲ್‌ನಿಂದ ಬದಲಿಸಿದೆ. ಕೂಡಿಸಿ ನೋಡಿ, ಸರಿಯಾಗಿ 2,500 ಆಗುತ್ತದೆ. ಸಂವಿಧಾನದ 276ನೇ ವಿಧಿ ವೃತ್ತಿ ತೆರಿಗೆಗೆ ವರ್ಷಕ್ಕೆ ಹಾಕಿರುವ ಗರಿಷ್ಠ ಮಿತಿಯೂ ಅಷ್ಟೇ. ಸಂವಿಧಾನ ತಿದ್ದುಪಡಿ ಆಗುವವರೆಗೆ ರಾಜ್ಯ ಇದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವಂತಿಲ್ಲ. ವರ್ಷದ ನಡುವೆ ಕೆಲಸ ಬದಲಿಸಿದ್ದರೆ ಒಂದೇ ತಿಂಗಳಿಗೆ ಎರಡು ಕಡೆ ಕಡಿತವಾಗಿಲ್ಲ ಎಂಬುದನ್ನು ಪೇ ಸ್ಲಿಪ್‌ಗಳಲ್ಲಿ ನೋಡಿಕೊಳ್ಳಿ.

ಪ್ರಶ್ನೆ: 2005–06ರಲ್ಲಿ ಕೆಂಗೇರಿ ಹತ್ತಿರ 10 ಲಕ್ಷಕ್ಕೆ ಸೈಟು ತೆಗೆದುಕೊಂಡಿದ್ದೆವು. 2025–26ರಲ್ಲಿ ಮಾರಿದ್ದೇವೆ. ಇಂಡೆಕ್ಸೇಷನ್ ರದ್ದಾಯಿತು ಎಂದು ಬಜೆಟ್ ಭಾಷಣದಲ್ಲೇ ಕೇಳಿದ್ದೆ. ಇದೆ ಎಂದು ಆಡಿಟರ್ ಹೇಳುತ್ತಾರೆ. ಯಾವುದು ನಿಜ?

ನೀವು ಕೇಳಿದ್ದೂ ನಿಜ, ಆಡಿಟರ್ ಹೇಳಿದ್ದೂ ನಿಜ. ಇಂಡೆಕ್ಸೇಷನ್ ಎಂದರೆ ಬೆಲೆ ಏರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿ ಲಾಭ ಲೆಕ್ಕ ಹಾಕುವುದು. 2024ರ ಜುಲೈ 23ರ ಬಜೆಟ್‌ನಲ್ಲಿ ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಅವರು ಆಸ್ತಿ ಮಾರಾಟದ ದೀರ್ಘಾವಧಿ ಲಾಭಕ್ಕೆ ಶೇ 20 ಇದ್ದ ದರವನ್ನು ಶೇ 12.5ಕ್ಕೆ ಇಳಿಸಿ, ಇಂಡೆಕ್ಸೇಷನ್ ತೆಗೆಯುವುದಾಗಿ ಹೇಳಿದರು. ಆದರೆ ಭಾಷಣವೇ ಕಾನೂನಲ್ಲ. ಭಾಷಣದ ಜೊತೆ ಮಂಡನೆಯಾಗುವ ಹಣಕಾಸು ಮಸೂದೆಯನ್ನು ಲೋಕಸಭೆ ಒಪ್ಪಬೇಕು. ರಾಜ್ಯಸಭೆ 14 ದಿನದೊಳಗೆ ಸಲಹೆ ಕೊಡಬಹುದೇ ಹೊರತು ತಡೆಯಲಾಗದು. ರಾಷ್ಟ್ರಪತಿ ಅಂಕಿತ ಬಿದ್ದ ಮೇಲೆ ಅದು ಕಾಯ್ದೆ. ವಿರೋಧ ಬಂದದ್ದರಿಂದ ಆಗಸ್ಟ್‌ನಲ್ಲಿ ಮಂತ್ರಿಯವರೇ ಲೋಕಸಭೆಯಲ್ಲಿ ತಿದ್ದುಪಡಿ ತಂದರು. ಅದರಂತೆ 2024ರ ಜುಲೈ 23ಕ್ಕೆ ಮೊದಲು ಕೊಂಡ ಜಮೀನು, ಕಟ್ಟಡಕ್ಕೆ ಎರಡೂ ರೀತಿ ಲೆಕ್ಕ ಹಾಕಿ ಕಡಿಮೆ ಬರುವ ತೆರಿಗೆ ಕಟ್ಟಬಹುದು. ಇದು ಭಾರತದಲ್ಲಿ ನೆಲೆಸಿರುವ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ. ಕಸ್ಟಮ್ಸ್ ಸುಂಕದ ರೀತಿ ಬೇರೆ: ಮಸೂದೆಯಲ್ಲಿ ಘೋಷಣೆ ಇದ್ದರೆ ಏರಿಕೆ ಆ ಮಧ್ಯರಾತ್ರಿಯಿಂದಲೇ ಜಾರಿ. ಚಿನ್ನದಂಗಡಿಯವರು ಬಜೆಟ್ ದಿನ ಕಣ್ಣು ಮಿಟುಕಿಸದೆ ಟಿವಿ ಮುಂದೆ ಕೂರುವುದು ಅದಕ್ಕೇ.

ನಿಮ್ಮ ಲೆಕ್ಕ ಹೀಗಿದೆ. ಬೆಲೆ ಸೂಚ್ಯಂಕ 2005–06ಕ್ಕೆ 117, 2025–26ಕ್ಕೆ 376. 10 ಲಕ್ಷವನ್ನು 376ರಿಂದ ಗುಣಿಸಿ 117ರಿಂದ ಭಾಗಿಸಿದರೆ 32.14 ಲಕ್ಷ. ಸೈಟು 50 ಲಕ್ಷಕ್ಕೆ ಹೋಗಿದ್ದರೆ ಹಳೆ ರೀತಿಯಲ್ಲಿ ಲಾಭ 17.86 ಲಕ್ಷ, ತೆರಿಗೆ 3.57 ಲಕ್ಷ. ಹೊಸ ರೀತಿಯಲ್ಲಿ ಲಾಭ 40 ಲಕ್ಷ, ತೆರಿಗೆ 5 ಲಕ್ಷ. ಆಗ ಹಳೆಯದೇ ಲಾಭ. 90 ಲಕ್ಷಕ್ಕೆ ಹೋಗಿದ್ದರೆ ಹಳೆಯದರಲ್ಲಿ 11.57 ಲಕ್ಷ, ಹೊಸದರಲ್ಲಿ 10 ಲಕ್ಷ. ನಿಮ್ಮ ಸೈಟಿಗೆ ಸುಮಾರು 69 ಲಕ್ಷ ಗಡಿ: ಅದಕ್ಕಿಂತ ಕಡಿಮೆಗೆ ಮಾರಿದ್ದರೆ ಇಂಡೆಕ್ಸೇಷನ್, ಹೆಚ್ಚಿಗೆ ಮಾರಿದ್ದರೆ ಶೇ 12.5. ಸೆಸ್, ಸರ್‌ಚಾರ್ಜ್ ಇದರಲ್ಲಿ ಸೇರಿಲ್ಲ.

ಒಂದು ಎಚ್ಚರಿಕೆ. ಸೇಲ್ ಡೀಡ್‌ನಲ್ಲಿ ಬರೆದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ 10ಕ್ಕಿಂತ ಹೆಚ್ಚಿದ್ದರೆ ಆದಾಯ ತೆರಿಗೆಯವರು ಮಾರ್ಗಸೂಚಿ ಬೆಲೆಯನ್ನೇ ಮಾರಾಟದ ಬೆಲೆ ಎಂದು ಹಿಡಿಯುತ್ತಾರೆ. ಮಾರ್ಗಸೂಚಿ ಬೆಲೆ ನಿಗದಿ ಮಾಡುವುದು ರಾಜ್ಯ, ತೆರಿಗೆ ಕೇಳುವುದು ಕೇಂದ್ರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮೂದಾದ ಅಂಕಿಯನ್ನು ರಿಟರ್ನ್ ತುಂಬುವ ಮೊದಲೇ ಆಡಿಟರ್‌ಗೆ ತೋರಿಸಿ. ತೆರಿಗೆ ಇಳಿಸುವ 54ಇಸಿ ಬಾಂಡ್ (ಆದಾಯ ತೆರಿಗೆ ಕಾಯ್ದೆಯ ಆ ಸೆಕ್ಷನ್ ಹೇಳುವ ಬಾಂಡ್) ಬೇಕಿದ್ದರೆ ಮಾರಿದ ದಿನದಿಂದ ಆರು ತಿಂಗಳೊಳಗೆ, ಗರಿಷ್ಠ 50 ಲಕ್ಷದವರೆಗೆ ಹೂಡಬೇಕು.

ಪ್ರಶ್ನೆ: ಮನೆ ಸಾಲದ ಬಡ್ಡಿಯನ್ನು ಹಣಕಾಸು ಮಂತ್ರಿ ಬಜೆಟ್‌ನಲ್ಲೇ ಇಳಿಸಬಾರದೇಕೆ?

ಮನೆ ಸಾಲದ ಬಡ್ಡಿ ಬಹುಮಟ್ಟಿಗೆ ರೆಪೊ ದರದ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯ, ಹಿಂದೆ ಹೋಗುತ್ತದೆ. ಅದನ್ನು ತೀರ್ಮಾನಿಸುವುದು ರಿಸರ್ವ್ ಬ್ಯಾಂಕಿನ ಆರು ಜನರ ಹಣಕಾಸು ನೀತಿ ಸಮಿತಿ. ಅದರಲ್ಲಿ ಮಂತ್ರಿಗೆ ಮತ ಇಲ್ಲ. ಸಮಿತಿಯ ಮೂವರು ಹೊರಗಿನ ಸದಸ್ಯರನ್ನು ನೇಮಿಸುವುದು, ಐದು ವರ್ಷಕ್ಕೊಮ್ಮೆ ರಿಸರ್ವ್ ಬ್ಯಾಂಕ್ ಜೊತೆ ಚರ್ಚಿಸಿ ಹಣದುಬ್ಬರದ ಗುರಿ ಹಾಕುವುದು ಕೇಂದ್ರ ಸರ್ಕಾರದ ಪಾಲು. 2025ರಲ್ಲಿ ರೆಪೊ 6.50ರಿಂದ 5.25ಕ್ಕೆ ಇಳಿಯಿತು. ನಿಮ್ಮ ಕಂತು ಇಳಿದಿಲ್ಲವೆಂದರೆ ಸಾಲದ ಮಂಜೂರಾತಿ ಪತ್ರ ತೆಗೆದು ನೋಡಿ. 2019ರ ಅಕ್ಟೋಬರ್ ನಂತರದ, ಬದಲಾಗುವ ಬಡ್ಡಿಯ ಬ್ಯಾಂಕ್ ಸಾಲವಾದರೆ ಬಡ್ಡಿ ರೆಪೊನಂಥ ಹೊರಗಿನ ದರಕ್ಕೆ ಜೋಡಣೆಯಾಗಿರುತ್ತದೆ, ಮೂರು ತಿಂಗಳೊಳಗೆ ಬದಲಾಗಲೇಬೇಕು. ಅದಕ್ಕೂ ಹಳೆಯ ಸಾಲವಾದರೆ, ಅಥವಾ ಗೃಹ ಸಾಲ ಕಂಪನಿಯದ್ದಾದರೆ, ರೆಪೊ ಇಳಿದಷ್ಟೂ ತಾನಾಗಿ ಇಳಿಯುತ್ತದೆ ಎಂದೇನಿಲ್ಲ. ನೀವೇ ಲಿಖಿತವಾಗಿ ಕೇಳಬೇಕು. ಕೆಲವೊಮ್ಮೆ ಕಂತು ಅಷ್ಟೇ ಇದ್ದು ಅವಧಿ ಕಡಿಮೆಯಾಗಿರುತ್ತದೆ, ಅದನ್ನೂ ನೋಡಿ.

ಪ್ರಶ್ನೆ: ನಾನು ನಿವೃತ್ತ, ಬಸವನಗುಡಿಯಲ್ಲಿದ್ದೇನೆ. ಒಂದು ಸಹಕಾರಿ ಬ್ಯಾಂಕಿನಲ್ಲಿ 7 ಲಕ್ಷ, ಒಂದು ಸೌಹಾರ್ದ ಸಹಕಾರಿಯಲ್ಲಿ 8 ಲಕ್ಷ ಎಫ್‌ಡಿ ಇದೆ. ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದೆ. ಸೌಹಾರ್ದದವರೂ ನಾಳೆ ಬನ್ನಿ ಎನ್ನುತ್ತಾರೆ. ಹಣಕಾಸು ಮಂತ್ರಿಗೆ ಬರೆದರೆ ಹಣ ಬರುತ್ತದೆಯೇ?

ಎರಡೂ ಕಡೆ ಹೊರಗಿನ ಬೋರ್ಡು ಒಂದೇ ತರಹ ಕಂಡರೂ ಒಳಗಿನ ಕಾನೂನು ಪೂರ್ತಿ ಬೇರೆ.

ಮೊದಲು ಬ್ಯಾಂಕ್. ಅದು ರಿಸರ್ವ್ ಬ್ಯಾಂಕ್ ಪರವಾನಗಿ ಪಡೆದ ಸಂಸ್ಥೆ. ನಿರ್ಬಂಧ ಹಾಕುವುದು, ತೆಗೆಯುವುದು ರಿಸರ್ವ್ ಬ್ಯಾಂಕ್. ಹಣಕಾಸು ಮಂತ್ರಿ ದೇಶದ ಹಣಕಾಸು ಸ್ಥಿರತೆ ಮತ್ತು ಅಭಿವೃದ್ಧಿ ಮಂಡಳಿಯ ಅಧ್ಯಕ್ಷರು, ರಿಸರ್ವ್ ಬ್ಯಾಂಕ್, ಸೆಬಿ, ವಿಮಾ ಪ್ರಾಧಿಕಾರಗಳ ಮುಖ್ಯಸ್ಥರು ಅವರೊಂದಿಗೆ ಕೂರುತ್ತಾರೆ. ಹಾಗೆಂದು ಇಂಥ ಗ್ರಾಹಕನ ಎಫ್‌ಡಿ ಬಿಡಿ ಎಂದು ಅವರು ಆದೇಶ ಕೊಡುವ ವ್ಯವಸ್ಥೆ ಇಲ್ಲ. ಅವರಿಂದ ಆಗುವುದು ನಿಯಮ, ಕಾನೂನುಗಳ ಬದಲಾವಣೆ. ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು ಹಾಗೆ: 2020ರ ಫೆಬ್ರವರಿ 1ರ ಬಜೆಟ್‌ನಲ್ಲಿ ಘೋಷಣೆ, 4ರಿಂದ ಜಾರಿ. 2021ರಲ್ಲಿ ಸಂಸತ್ತು ಇನ್ನೊಂದು ತಿದ್ದುಪಡಿ ಮಾಡಿತು. ಬ್ಯಾಂಕ್ ಮುಚ್ಚುವವರೆಗೆ ಕಾಯದೆ, ನಿರ್ಬಂಧ ಬಿದ್ದ 90 ದಿನದಲ್ಲಿ ವಿಮೆ ಹಣ ಕೊಡಬೇಕು. ಬ್ಯಾಂಕ್ 45 ದಿನದೊಳಗೆ ಠೇವಣಿದಾರರ ಪಟ್ಟಿ ಕೊಡಬೇಕು, ಠೇವಣಿ ವಿಮಾ ನಿಗಮ 30 ದಿನದಲ್ಲಿ ಪರಿಶೀಲಿಸಿ, 15 ದಿನದಲ್ಲಿ ಹಣ ಹಾಕಬೇಕು.

ನಿಮಗೆ ಸಿಗುವುದು ಗರಿಷ್ಠ 5 ಲಕ್ಷ. ಅಸಲು, ಬಡ್ಡಿ, ಆ ಬ್ಯಾಂಕಿನ ಎಲ್ಲ ಶಾಖೆಯ ನಿಮ್ಮ ಖಾತೆಗಳು ಎಲ್ಲ ಸೇರಿ ಅಷ್ಟೇ. ಹೆಂಡತಿಯ ಜೊತೆಗಿನ ಜಂಟಿ ಖಾತೆ ಇದ್ದರೆ ಅದನ್ನು ಬೇರೆಯಾಗಿ ಲೆಕ್ಕ ಹಿಡಿಯುತ್ತಾರೆ. ಹಣ ತಡವಾಗುವುದು ಸಾಮಾನ್ಯವಾಗಿ ಸಣ್ಣ ಕಾರಣಗಳಿಗೆ: ವಿಮೆ ಹಣ ಬೇಕೆಂಬ ಒಪ್ಪಿಗೆ ಪತ್ರ ಕೊಟ್ಟಿರುವುದಿಲ್ಲ, ಆಧಾರ್‌ನಲ್ಲಿರುವ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಇನಿಷಿಯಲ್ ವ್ಯತ್ಯಾಸ ಇರುತ್ತದೆ, ಹಣ ಹಾಕಲು ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಟ್ಟಿರುವುದಿಲ್ಲ. ನಾಳೆಯೇ ಶಾಖೆಗೆ ಹೋಗಿ ಮೂರನ್ನೂ ಸರಿಪಡಿಸಿ, ಸೀಲು ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ. ಉಳಿದ 2 ಲಕ್ಷ ಬ್ಯಾಂಕ್ ಚೇತರಿಸಿಕೊಳ್ಳುವುದರ ಮೇಲೆ, ಇಲ್ಲವೇ ಅದರ ಆಸ್ತಿ ಮಾರಾಟದ ಮೇಲೆ ನಿಂತಿದೆ.

ಸೌಹಾರ್ದದ ವಿಷಯ ಹೇಳಲು ನಮಗೆ ಬೇಸರವಾಗುತ್ತದೆ. ಅದು 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯ ಸಂಸ್ಥೆ. ರಿಸರ್ವ್ ಬ್ಯಾಂಕ್ ಪರವಾನಗಿ ಪಡೆದ ಬ್ಯಾಂಕ್ ಆಗಿರದಿದ್ದರೆ 5 ಲಕ್ಷದ ವಿಮೆ ಅದಕ್ಕಿಲ್ಲ. ಅದು ರಾಜ್ಯದ ಸಹಕಾರ ಇಲಾಖೆಯ ವ್ಯಾಪ್ತಿ. ಎಫ್‌ಡಿ ಬಾಂಡಿನ ಜೆರಾಕ್ಸ್, ಸದಸ್ಯತ್ವದ ರಸೀದಿ, ಅವಧಿ ಮುಗಿದ ಮೇಲೆ ಹಣ ಕೇಳಿ ನೀವು ಕೊಟ್ಟ ಪತ್ರದ ಸ್ವೀಕೃತಿ ಇವುಗಳ ಜೊತೆ ಸಹಕಾರ ಸಂಘಗಳ ನಿಬಂಧಕರಿಗೆ ಲಿಖಿತ ದೂರು ಕೊಡಿ. ವಂಚನೆಯ ಲಕ್ಷಣ ಕಂಡರೆ ಪೊಲೀಸ್ ದೂರು ಕೊಟ್ಟು, ಠೇವಣಿದಾರರ ಹಿತ ಕಾಯುವ 2004ರ ರಾಜ್ಯ ಕಾಯ್ದೆಯನ್ನು ಅನ್ವಯಿಸುವಂತೆ ಕೇಳಿ. ಅದರಡಿ ಸಂಸ್ಥೆಯ ಆಸ್ತಿ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಹರಾಜು ಹಾಕಿ ಠೇವಣಿದಾರರಿಗೆ ಹಂಚಲು ಅವಕಾಶ ಇದೆ. ‘ಇನ್ನೊಂದು ವರ್ಷಕ್ಕೆ ರಿನ್ಯೂ ಮಾಡಿ, ಬಡ್ಡಿ ಜಾಸ್ತಿ ಕೊಡುತ್ತೇವೆ’ ಎಂದರೆ ಸಹಿ ಮಾಡಬೇಡಿ. ಸಹಿ ಬಿದ್ದ ದಿನದಿಂದ ಅವಧಿ ಮತ್ತೆ ಶುರುವಾಗುತ್ತದೆ, ಹಣ ಕೊಡಲಿಲ್ಲ ಎಂಬ ನಿಮ್ಮ ದೂರು ಅಲ್ಲಿಗೇ ಸಡಿಲವಾಗುತ್ತದೆ.