1/32 ಅಳತೆಯ ಮಿಗ್-21 ಮಾಡೆಲ್: ಕೈಕೆಲಸ ಎಲ್ಲಿ ಮಾಡಬೇಕು, ಎಲ್ಲಿ ಬಿಡಬೇಕು?

ಮಿಗ್-21 ವಾಯುಪಡೆಯಿಂದ ನಿವೃತ್ತಿಯಾದ ಮೇಲೆ 1/32 ಅಳತೆಯ ಮಿಗ್-21ಎಂಎಫ್ ಕಿಟ್ ತರಿಸಿಕೊಂಡಿದ್ದೀರಿ. ಇದುವರೆಗೆ 1/72ರ ಸಣ್ಣ ವಿಮಾನಗಳನ್ನಷ್ಟೇ ಜೋಡಿಸಿದ್ದೀರಿ. ಭಾರತೀಯ ವಿಮಾನವಾಗಿಯೇ ಮಾಡಬೇಕು ಎಂಬ ಆಸೆ ನಿಮಗಿದೆ. ಬಿಡಿಯಾಗಿ ಸಿಗುವ ರೆಸಿನ್ (ಎರಕ ಹೊಯ್ದ ಗಟ್ಟಿ ರಾಳ) ಮತ್ತು ಲೋಹದ ಭಾಗಗಳನ್ನೆಲ್ಲ ಕೊಳ್ಳಬೇಕೇ, ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದ್ದೀರಿ. ನಾನೂ ಬೆಂಗಳೂರಿನವನೇ. ಇದೇ ಅಳತೆಯ ಜೆಟ್‌ಗಳನ್ನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಕೊಳ್ಳುವ ಮಾತು ಆಮೇಲೆ. ದೊಡ್ಡ ಅಳತೆಯಲ್ಲಿ ಮಾಡೆಲ್‌ನ ಗುಟ್ಟು ರಟ್ಟಾಗುವುದು ದಪ್ಪದಿಂದ. ಲೆಕ್ಕ ಹಾಕಿ ನೋಡಿ: 1/32ರಲ್ಲಿ ಒಂದು ಮಿಲಿಮೀಟರ್ ಪ್ಲಾಸ್ಟಿಕ್ ಎಂದರೆ ನಿಜ ವಿಮಾನದ 32 ಮಿಲಿಮೀಟರ್. ಚಕ್ರದ ಗೂಡಿನ ಬಾಗಿಲಿನ ಅಂಚು ಕಿಟ್‌ನಲ್ಲಿ ಒಂದು ಮಿಲಿಮೀಟರ್ ಇದ್ದರೆ, ನೀವು ಮೂರು ಸೆಂಟಿಮೀಟರಿಗೂ ದಪ್ಪನೆಯ ತಗಡಿನ ಬಾಗಿಲನ್ನು ತೋರಿಸುತ್ತಿದ್ದೀರಿ ಎಂದೇ ಅರ್ಥ. 1/72ರಲ್ಲಿ ಈ ಲೆಕ್ಕ ಇನ್ನೂ ಕೆಟ್ಟದು, ಆದರೆ ಅಲ್ಲಿ ಕಣ್ಣು ಅಷ್ಟು ಹತ್ತಿರ ಹೋಗುವುದಿಲ್ಲ. ನಿಮ್ಮ ಮಿಗ್‌ನ ರೆಕ್ಕೆಯ ಹರವು ಸುಮಾರು 22 ಸೆಂಟಿಮೀಟರ್, ಉದ್ದವೋ, ಮೂತಿಯಿಂದ ಚಾಚಿದ, ಗಾಳಿಯ ವೇಗ ಅಳೆಯುವ ಪಿಟೋ ಕಡ್ಡಿಯೂ ಸೇರಿ ಹೆಚ್ಚುಕಡಿಮೆ ಅರ್ಧ ಮೀಟರ್. ಇಷ್ಟು ದೊಡ್ಡದನ್ನು ಕಂಡವರು ಬಗ್ಗಿ, ಒಳಗೆ ಇಣುಕಿಯೇ ನೋಡುತ್ತಾರೆ.

ಆದ್ದರಿಂದ ಮೊದಲ ಕೆಲಸ ಅಂಚು ತೆಳುವಾಗಿಸುವುದು. ಚಕ್ರದ ಬಾಗಿಲುಗಳು, ರೆಕ್ಕೆಯ ಹಿಂದಿನ ಅಂಚು, ಮೂತಿಯ ಗಾಳಿಬಾಯಿಯ ಉಂಗುರ, ಹಿಂದೆ ಬೆಂಕಿ ಬರುವ ಕೊಳವೆಯ ತುಟಿ ಈ ನಾಲ್ಕನ್ನು ಬಿಡಬೇಡಿ. ಹೊರಮೈಯನ್ನು ಮುಟ್ಟದೆ, ಒಳಬದಿಯಿಂದ ಬ್ಲೇಡಿನ ಅಲಗನ್ನು ನೆಟ್ಟಗೆ ಹಿಡಿದು ಕೆರೆಯುತ್ತಾ ಬನ್ನಿ. ಆಮೇಲೆ 400, 600, 1000ರ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ. ರೆಕ್ಕೆಯನ್ನಂತೂ ಅಂಟಿಸುವ ಮೊದಲೇ ಮೇಲಿನ ಮತ್ತು ಕೆಳಗಿನ ಎರಡೂ ಹೋಳುಗಳ ಒಳಮೈಯನ್ನು ಉಜ್ಜಿಕೊಳ್ಳಬೇಕು. ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಪ್ಲಾಸ್ಟಿಕ್ ಅರೆಪಾರದರ್ಶಕವಾಗಿ ಕಂಡರೆ ಸಾಕು, ನಿಲ್ಲಿಸಿ. ಇದಕ್ಕೆ ಒಂದು ರೂಪಾಯಿಯ ಹೆಚ್ಚುವರಿ ಭಾಗವೂ ಬೇಡ. ಆದರೂ ದುಬಾರಿ ರೆಸಿನ್ ಸುರಿದು ಈ ಕೆಲಸ ಬಿಟ್ಟ ಮಾಡೆಲ್‌ಗಿಂತ ಇದು ಎದ್ದು ಕಾಣುತ್ತದೆ.

ಇನ್ನು ಯಾವ ವಿಮಾನ ಎಂಬುದು. ಇಲ್ಲಿ ಅನೇಕರು ಎಡವುತ್ತಾರೆ. ನಮ್ಮ ವಾಯುಪಡೆಗೆ 1963ರಿಂದ ಬಂದ ಮಿಗ್-21ಗಳೆಲ್ಲ ಒಂದೇ ರೂಪದವಲ್ಲ. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ ಹಾರಿಸಿದ್ದು ಎಫ್‌ಎಲ್ ಮಾದರಿ. ಅದರ ಬೆನ್ನು ಸಪೂರ, ಕಾಕ್‌ಪಿಟ್‌ನ ಗಾಜಿನ ಮುಚ್ಚಳ ಮುಂದಕ್ಕೆ ತೆರೆಯುತ್ತದೆ, ರೆಕ್ಕೆಯಡಿ ಶಸ್ತ್ರ ತೂಗುಹಾಕುವ ಪೈಲಾನ್ ಎರಡೇ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟ ಬೈಸನ್, ಬಿಸ್ ಮಾದರಿಯಿಂದ ಬಂದದ್ದು. ಅದರ ಬೆನ್ನಿನ ಉಬ್ಬು ಎಂಎಫ್‌ಗಿಂತ ದಪ್ಪ. ನಿಮ್ಮ ಕೈಯಲ್ಲಿರುವ ಎಂಎಫ್ ಈ ಎರಡೂ ಆಗುವುದಿಲ್ಲ. ಅದು ಅತಿ ಹತ್ತಿರವಾಗುವುದು ಎಚ್‌ಎಎಲ್ ನಾಸಿಕ್‌ನಲ್ಲಿ ತಯಾರಿಸಿದ ಮಿಗ್-21ಎಂ, ಅಂದರೆ ಟೈಪ್-96ಕ್ಕೆ. ಮುಖ್ಯ ವ್ಯತ್ಯಾಸ ಒಳಗಿನ ಎಂಜಿನ್‌ನದು, ಹೊರಗಿನಿಂದ ಎರಡೂ ಅಣ್ಣತಮ್ಮಂದಿರು. ಆದ್ದರಿಂದ ಟೈಪ್-96ನ್ನೇ ಮಾಡಿ. ‘ಸಿ’ ಅಕ್ಷರದಿಂದ ಶುರುವಾಗುವ ಸಂಖ್ಯೆಯಿರುವ ಒಂದು ನಿರ್ದಿಷ್ಟ ವಿಮಾನವನ್ನು ಆರಿಸಿಕೊಂಡು, ಅದರ ಫೋಟೋಗಳನ್ನು ಕೂಡಿಸಿ. ಒಂದೇ ವಿಮಾನ, ಒಂದೇ ಕಾಲ. ನಾಲ್ಕು ವಿಮಾನಗಳ ಫೋಟೋ ಬೆರೆಸಿದರೆ ಯಾವುದೂ ಆಗುವುದಿಲ್ಲ.

ಫೋಟೋ ನೋಡಿದ್ದು ಸಾಲದು, ನಿಜವಾದ ಜೆಟ್‌ನ ಪಕ್ಕದಲ್ಲಿ ನಿಲ್ಲಬೇಕು. ಈ ವಿಷಯದಲ್ಲಿ ಬೆಂಗಳೂರಿಗರು ಪುಣ್ಯವಂತರು. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನ ಅಂಗಳದಲ್ಲಿ ಮಿಗ್-21, ಮಾರುತ್, ಅಜಿತ್, ಕಿರಣ್ ನಿಂತಿವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಹೊರಗೂ ಒಂದು ಮಾರುತ್ ಇದೆ. ಪ್ರದರ್ಶನಕ್ಕೆ ಇಟ್ಟ ವಿಮಾನಗಳಿಗೆ ಮತ್ತೆ ಬಣ್ಣ ಬಳಿದಿರುತ್ತಾರೆ, ಹಾಗಾಗಿ ಬಣ್ಣಕ್ಕೆ ಅವನ್ನು ನಂಬಬೇಡಿ. ತಗಡು ಎಷ್ಟು ತೆಳು, ಒಂದು ಹಲಗೆಗೂ ಇನ್ನೊಂದಕ್ಕೂ ನಡುವಿನ ಗೆರೆ ಎಷ್ಟು ಸಣ್ಣದು, ಚಕ್ರದ ಕಾಲಿನ ಮೇಲೆ ಪೈಪುಗಳು ಎಲ್ಲಿ ಕಟ್ಟಿಸಿಕೊಂಡು ಎಲ್ಲಿ ಸಡಿಲವಾಗಿ ಬಾಗಿವೆ ಎಂಬುದನ್ನು ನೋಡಿ. ಒಮ್ಮೆ ಹಾಗೆ ನೋಡಿದವರು ಗೆರೆಗಳಿಗೆ ಕಪ್ಪು ತುಂಬಿಸುವುದನ್ನು ಬಿಟ್ಟುಬಿಡುತ್ತಾರೆ. ಮಾಡೆಲ್ ಮೇಲಿನ 0.3 ಮಿಲಿಮೀಟರ್ ಗೆರೆ ನಿಜದಲ್ಲಿ ಒಂದು ಸೆಂಟಿಮೀಟರ್ ಬಿರುಕಾಗುತ್ತದೆ. ಅದನ್ನು ಕಪ್ಪಾಗಿಸಿದರೆ ವಿಮಾನ ಹೆಂಚು ಜೋಡಿಸಿದಂತೆ ಕಾಣುತ್ತದೆ. ಮೈಬಣ್ಣಕ್ಕಿಂತ ಒಂದೆರಡು ಛಾಯೆ ಗಾಢವಾದ ಬೂದು ಸಾಕು.

ಕಾಕ್‌ಪಿಟ್‌ಗೆ ಬೇಕಾದಷ್ಟು ಸಮಯ ಕೊಡಿ. ಒಳಗಿನ ಬಣ್ಣ ಸೋವಿಯತ್ ವಿಮಾನಗಳ ಆ ನೀಲಿಮಿಶ್ರಿತ ಹಸಿರು. ಬಾಟಲಿಯಿಂದ ನೇರ ಬಳಿದರೆ ಅದು ಕಣ್ಣಿಗೆ ರಾಚುತ್ತದೆ. ಸ್ವಲ್ಪ ಬೂದು ಬೆರೆಸಿ, ಮೂಲೆಗಳಲ್ಲಿ ಗಾಢವಾಗಿ, ಮೊಣಕೈ ತಾಗುವ ಕಡೆ ಮಾಸಿದಂತೆ ಮಾಡಿ. ಮೀಟರ್‌ಗಳ ಫಲಕದ ನಡುವೆ ಮೇಲಿನಿಂದ ಕೆಳಗೆ ಒಂದು ಬಿಳಿ ಪಟ್ಟೆ ಇರುತ್ತದೆ. ವಿಮಾನ ಗಿರಕಿ ಹೊಡೆಯತೊಡಗಿದಾಗ ಪೈಲಟ್ ಸ್ಟಿಕ್ಕನ್ನು ಸರಿಯಾಗಿ ಮಧ್ಯಕ್ಕೆ ತಳ್ಳಲು ಆ ಪಟ್ಟೆಯೇ ಗುರುತು. ಅದು ಕಿಟ್‌ನ ಸೂಚನೆಯಲ್ಲಿ ಇಲ್ಲದಿದ್ದರೂ ಬಳಿಯಿರಿ. ಮೀಟರ್‌ಗಳ ಡೆಕಾಲನ್ನು (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚುಚಿತ್ರ) ಇಡೀ ಹಾಳೆಯಾಗಿ ಅಂಟಿಸದೆ ಒಂದೊಂದು ಮುಖವನ್ನೂ ದುಂಡಗೆ ಕತ್ತರಿಸಿ ಕೂರಿಸಿ, ಒಣಗಿದ ಮೇಲೆ ಸೂಜಿಮೊನೆಯಿಂದ ಹೊಳಪು ವಾರ್ನಿಷ್‌ನ ಒಂದೊಂದು ಹನಿ ಇಡಿ. ಅದೇ ಗಾಜಾಗುತ್ತದೆ. ಮುಚ್ಚಳವನ್ನು ತೆರೆದೇ ತೋರಿಸಿ, ಈ ಮಾದರಿಯಲ್ಲಿ ಅದು ಬಲಕ್ಕೆ ಮಗುಚಿಕೊಳ್ಳುತ್ತದೆ. ಪಾರದರ್ಶಕ ಭಾಗಗಳ ಹತ್ತಿರ ಸೂಪರ್ ಗ್ಲೂ ತರಬೇಡಿ, ಅದರ ಆವಿಗೇ ಗಾಜು ಮಂಜಾಗುತ್ತದೆ. ಅಲ್ಲಿಗೆ ಬಿಳಿ ಅಂಟೇ ಸರಿ.

ಹಣ ಖರ್ಚು ಮಾಡುವುದಿದ್ದರೆ ಈಗ ಹೇಳುತ್ತೇನೆ: ರೆಸಿನ್‌ನ ಕೆಎಂ-1 ಎಜೆಕ್ಷನ್ ಸೀಟು (ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಆಸನ) ಒಂದು, ರೆಸಿನ್ ಚಕ್ರಗಳು ಇನ್ನೊಂದು. ತೆರೆದ ಕಾಕ್‌ಪಿಟ್‌ನಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಸೀಟಿನ ಬೆಲ್ಟುಗಳಿಗೆ. ಇನ್ನು ಚಕ್ರಗಳೇಕೆ ಎಂದರೆ, ಕಿಟ್‌ಗಳಲ್ಲಿ ಬರುವ ಮೃದು ರಬ್ಬರ್ ಟೈರುಗಳು ಕೆಲವೊಮ್ಮೆ ವರ್ಷಗಳ ಮೇಲೆ ತಾವು ತಾಗಿದ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಚಕ್ರದ ನಡುವಿನ ತಟ್ಟೆಗೆ ಎದ್ದು ಕಾಣುವ ಹಸಿರು ಬಳಿಯಲು ಮರೆಯಬೇಡಿ. ಎಂಜಿನ್‌ಗೆಂದು ಬರುವ ಸೆಟ್‌ಗಳನ್ನು ಖಂಡಿತ ಬಿಡಿ. ಮೈ ಮುಚ್ಚಿದ ಮೇಲೆ ಕಾಣುವುದು ಕೊಳವೆಯ ಒಳಗೋಡೆ ಮತ್ತು ಆಳದಲ್ಲಿರುವ ಆಫ್ಟರ್‌ಬರ್ನರ್ ಉಂಗುರಗಳು ಮಾತ್ರ. ಆ ಗೋಡೆಯ ಜೋಡಣೆಯ ಗೆರೆಯನ್ನು ಅಳಿಸಿದರೆ ಸಾಕು.

ಚಕ್ರದ ಕಾಲುಗಳ ಬ್ರೇಕ್ ಪೈಪಿಗೆ ಎಸ್.ಪಿ. ರಸ್ತೆಗೆ ಹೋಗಿ, ಟ್ರಾನ್ಸ್‌ಫಾರ್ಮರ್ ಸುತ್ತುವ ಎನಾಮಲ್ ತಾಮ್ರದ ತಂತಿ ತನ್ನಿ. 0.3 ಮತ್ತು 0.5 ಮಿಲಿಮೀಟರ್ ಇದ್ದರೆ ಎಲ್ಲ ಕೆಲಸವೂ ಆಗುತ್ತದೆ. ಬೆಸುಗೆಯ ಸೀಸದ ತಂತಿ ದಪ್ಪ ಹೋಸ್‌ಗಳಿಗೆ ಚೆನ್ನ, ಬಾಗಿಸಿದಂತೆ ನಿಲ್ಲುತ್ತದೆ. ಅಲ್ಯೂಮಿನಿಯಂ ಟೇಪನ್ನು ಕೂದಲೆಳೆಯಷ್ಟು ಕತ್ತರಿಸಿ ಸುತ್ತಿದರೆ ಕ್ಲಿಪ್ಪುಗಳಾಗುತ್ತವೆ.

ಮೈ ಮುಚ್ಚುವ ಮೊದಲು ಮೂತಿಯ ಶಂಕುವಿನೊಳಗೆ ತೂಕ ತುಂಬಿ, ಇಲ್ಲದಿದ್ದರೆ ಬಾಲದ ಮೇಲೆ ಕೂರಬಹುದು. ಸೀಸದ ಗುಂಡುಗಳಾದರೆ ಎಪಾಕ್ಸಿಯಲ್ಲೇ (ಎರಡು ಭಾಗ ಬೆರೆಸಿ ಬಳಸುವ ಅಂಟು) ಹಿಡಿಸಬೇಕು. ಬಿಳಿ ಅಂಟಿನ ಆಮ್ಲದಿಂದ ಸೀಸ ಉಬ್ಬಿ, ಮೂತಿಯನ್ನೇ ಸೀಳಿದ ಮಾಡೆಲ್‌ಗಳಿವೆ.

ಬಣ್ಣದ ವಿಷಯದಲ್ಲಿ ನಮ್ಮ ಊರಿನ ಹವೆ ನೋಡಿಕೊಳ್ಳಿ. ಮಳೆಗಾಲದ ತೇವದಲ್ಲಿ ಲ್ಯಾಕರ್ ಸಿಂಪಡಿಸಿದರೆ ಮೇಲೆ ಬಿಳಿಚಿದ ಪೊರೆ ಕೂರುತ್ತದೆ. ಹೊಳಪು ಪದರವನ್ನು ಬಿಸಿಲಿರುವ ದಿನಕ್ಕೆ ಇಟ್ಟುಕೊಳ್ಳಿ, ಕಂಪ್ರೆಸರ್‌ಗೆ ನೀರು ಹಿಡಿಯುವ ಬುಡ್ಡಿ ಹಾಕಿಸಿ. ಫ್ಲ್ಯಾಟ್‌ನಲ್ಲಿದ್ದರೆ ಬಾಲ್ಕನಿಯಲ್ಲೇ ಸಿಂಪಡಿಸಿ, ಮಕ್ಕಳನ್ನು ದೂರವಿಡಿ. ಎನ್-95 ಮುಖಗವಸು ಥಿನ್ನರ್‌ನ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಫಿಲ್ಟರ್ ಇರುವ ಮುಖವಾಡವೇ ಬೇಕು. ಈ ಒಂದು ವಸ್ತುವಿನಲ್ಲಿ ಉಳಿತಾಯ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ವಾಯುಪಡೆಯ ವೃತ್ತಲಾಂಛನಕ್ಕೆ ಡೆಕಾಲ್ ಬಳಸದೆ ಬಣ್ಣವನ್ನೇ ಸಿಂಪಡಿಸಿ. ಗಾಢ ಬಣ್ಣದ ಮೇಲೆ ಡೆಕಾಲ್‌ನ ಬಿಳಿಯೂ ಕೇಸರಿಯೂ ಮಂಕಾಗುತ್ತವೆ. ವೃತ್ತ ಕತ್ತರಿಸುವ ಕಂಪಾಸಿನಿಂದ ಮಾಸ್ಕಿಂಗ್ ಟೇಪ್ ಕತ್ತರಿಸಿಕೊಳ್ಳಿ. ಮೊದಲು ಪೂರ್ತಿ ಬಿಳಿ, ಆಮೇಲೆ ಹೊರಗಿನ ಕೇಸರಿ, ಕೊನೆಗೆ ನಡುವಿನ ಹಸಿರು. ಈ ಅಳತೆಯಲ್ಲಿ ಅದು ಸುಲಭವಾಗಿ ಕೈಗೆ ಸಿಗುವ ಕೆಲಸ.

ಮೂತಿಯ ಪಿಟೋ ಕಡ್ಡಿಯನ್ನು ಕಿಟ್‌ನ ಪ್ಲಾಸ್ಟಿಕ್‌ನಲ್ಲಿ ಮಾಡಬೇಡಿ. ಔಷಧಿ ಅಂಗಡಿಯಲ್ಲಿ ಬೇರೆ ಬೇರೆ ಗೇಜಿನ ಇಂಜೆಕ್ಷನ್ ಸೂಜಿಗಳು ಸಿಗುತ್ತವೆ, ಒಂದರೊಳಗೊಂದು ತೂರಿಸಿದರೆ ನೆಟ್ಟಗಿನ, ಕ್ರಮೇಣ ಸಣ್ಣದಾಗುವ ಕಡ್ಡಿ ಸಿದ್ಧ. ಎಂ ಮತ್ತು ಎಂಎಫ್‌ನಲ್ಲಿ ಅದು ಮೂತಿಯ ನಟ್ಟನಡುವೆ ಇಲ್ಲ, ಪೈಲಟ್‌ನ ಬಲಕ್ಕೆ ಸರಿದಿದೆ. ತೂತನ್ನು ಶುರುವಿನಲ್ಲೇ ಕೊರೆದಿಟ್ಟುಕೊಳ್ಳಿ, ಕಡ್ಡಿಯನ್ನು ಮಾತ್ರ ಎಲ್ಲ ಮುಗಿದ ಮೇಲೆ, ಶೋಕೇಸಿಗೆ ಇಡುವ ದಿನವೇ ಸಿಕ್ಕಿಸಿ.