ಗಾಲ್ಫ್‌ನಲ್ಲಿ ಡ್ರೈವರ್ ಹೊಡೆದರೆ ಬಾಲ್ ಯಾವಾಗಲೂ ಬಲಕ್ಕೇ ಹೋಗುತ್ತದೆ. ಸ್ವಿಂಗ್ ಸರಿ ಮಾಡುವುದು ಹೇಗೆ?

ನೀವು ಮಂಗಳೂರಿನವರು, ಬಲಗೈ ಆಟಗಾರರು, ಮೊದಲು ಕ್ರಿಕೆಟ್ ಆಡುತ್ತಿದ್ದವರು. ಮಧ್ಯಮ ದೂರದ ಕ್ಲಬ್ (ಹೊಡೆಯುವ ಕೋಲು) ಸೆವೆನ್ ಐರನ್ ಪರವಾಗಿಲ್ಲ, ದೂರ ಹೊಡೆಯುವ ಉದ್ದದ ಕ್ಲಬ್ ಡ್ರೈವರ್ ಹಿಡಿದರೆ ಮಾತ್ರ ಬಾಲ್ ಬಲಕ್ಕೆ ಬಾಗಿ ಮರಗಳ ನಡುವೆ ಕಾಣೆಯಾಗುತ್ತದೆ, ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ ಎಂದು ಬರೆದಿದ್ದೀರಿ. ನಾನು ಕೋಚ್ ಅಲ್ಲ, ಬಿಡುವಾದಾಗ ಪಿಲಿಕುಳದಲ್ಲಿ ಆಡುವವನು ಅಷ್ಟೇ. ಆದರೆ ಬಾಲ್ ಹೀಗೆ ಬಲಕ್ಕೆ ಬಾಗುವ ಈ ಸ್ಲೈಸ್ ಕಾಟ ಹೊಸಬರಲ್ಲಿ ಕಾಣದ ದಿನವೇ ಇಲ್ಲ. ನನ್ನ ಸಲಹೆ ಒಂದೇ: ಸದ್ಯಕ್ಕೆ ಸ್ವಿಂಗ್ ಬಿಡಿ, ಹಿಡಿತ ನೋಡಿಕೊಳ್ಳಿ.

ಯಾಕೆ ಅಂದರೆ, ಬಾಲ್ ಹೊರಡುವ ದಿಕ್ಕು ಹೆಚ್ಚುಕಮ್ಮಿ ಕ್ಲಬ್ಬಿನ ಫೇಸ್, ಅಂದರೆ ಬಾಲಿಗೆ ತಾಗುವ ಮುಖ, ನೋಡುತ್ತಿರುವ ದಿಕ್ಕು. ಕ್ಲಬ್ ಬರುವ ದಾರಿಗಿಂತ ಫೇಸ್ ಬಲಕ್ಕೆ ತೆರೆದಿದ್ದರೆ ಬಾಲ್ ಬಲಕ್ಕೆ ಬಾಗುತ್ತದೆ. ಬಾಲ್ ಫೇಸ್‌ಗೆ ತಾಗಿರುವುದು ಎಷ್ಟು ಹೊತ್ತು ಗೊತ್ತಾ? ಸೆಕೆಂಡನ್ನು 2000 ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು. ಅಷ್ಟರಲ್ಲಿ ಮಣಿಕಟ್ಟು ತಿರುಗಿಸಿ ಫೇಸ್ ಮುಚ್ಚುತ್ತೇನೆ ಅಂದರೆ ಆಗುವ ಮಾತಲ್ಲ. ಸೆವೆನ್ ಐರನ್‌ನಲ್ಲೂ ಇದೇ ದೋಷ ಇರುತ್ತದೆ. ಅದರ ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನ, 30 ಡಿಗ್ರಿ ಆಸುಪಾಸು ಇರುವುದರಿಂದ ಬಾಲ್ ಹೆಚ್ಚಾಗಿ ಹಿಂದಕ್ಕೆ ಸುತ್ತುತ್ತಾ ಮೇಲೇರುತ್ತದೆ, ಬಾಗುವುದು ಅಷ್ಟು ಕಾಣುವುದಿಲ್ಲ. ಡ್ರೈವರ್‌ಗೆ 10 ಡಿಗ್ರಿ ಆಚೀಚೆ. ಅದು ಏನನ್ನೂ ಮುಚ್ಚಿಡುವುದಿಲ್ಲ.

ಈಗ ಕ್ಲಬ್ ಹಿಡಿದು ನಿಂತು ಎಡಗೈ ನೋಡಿ. ಎಷ್ಟು ಗೆಣ್ಣು ಕಾಣುತ್ತವೆ? ಒಂದೇ ಆದರೆ ಕಳ್ಳ ಸಿಕ್ಕಿದ. ಕ್ರಿಕೆಟ್‌ನಲ್ಲಿ ಎಡಗೈಯ ಹಿಂಭಾಗ ಮಿಡ್ ಆಫ್ ಕಡೆ ನೋಡಬೇಕು ಅಂತ ಕಲಿಸುತ್ತಾರೆ. ಅದೇ ಹಿಡಿತ ಇಲ್ಲಿಗೆ ತಂದರೆ ಫೇಸ್ ತೆರೆದೇ ಬರುತ್ತದೆ. ಎಡಗೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಎರಡು ಅಥವಾ ಎರಡೂವರೆ ಗೆಣ್ಣು ಕಾಣಲಿ. ಹೆಬ್ಬೆರಳು, ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ಹೋಗಬೇಕು. ಕ್ಲಬ್ ಅಂಗೈಯಲ್ಲಿ ಅಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಬಲಗೈ ಮೇಲೆ ಹತ್ತಿ ಕೂರದೆ ಪಕ್ಕದಿಂದ ಬರಲಿ, ಅದರ ಗೆರೆಯೂ ಬಲ ಭುಜಕ್ಕೇ. ಮೊದಮೊದಲು ಯಾರದ್ದೋ ಕೈಯಲ್ಲಿ ಆಡಿದ ಹಾಗೆ ಅನಿಸುತ್ತದೆ. ಕೆಲವು ಬಾಲ್ ಎಡಕ್ಕೆ ಓಡಬಹುದು. ಒಳ್ಳೆಯದೇ, ಹೆದರಿ ಹಳೆಯ ಹಿಡಿತಕ್ಕೆ ಹೋಗಬೇಡಿ.

ಇನ್ನೊಂದು, ನಮ್ಮೂರಿನ ಬೆವರು. ಏಪ್ರಿಲ್, ಮೇ ತಿಂಗಳಲ್ಲಿ ಮೂರನೇ ಹೋಲ್‌ಗೆ ಬರುವಷ್ಟರಲ್ಲಿ ಗ್ಲೌಸ್ ಒದ್ದೆ. ಕ್ಲಬ್ ಜಾರುತ್ತದೆ ಅಂತ ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹಿಡಿದರೆ ಮುಂಗೈ ಗಟ್ಟಿ, ಮಣಿಕಟ್ಟು ಸಡಿಲ ಬಿಡುವುದಿಲ್ಲ, ಫೇಸ್ ಮತ್ತೆ ತೆರೆದೇ ಉಳಿಯುತ್ತದೆ. ಎರಡು ಗ್ಲೌಸ್ ಇಟ್ಟುಕೊಂಡು ಬದಲಾಯಿಸುತ್ತಾ ಹೋಗಿ. ರಬ್ಬರ್ ಗ್ರಿಪ್‌ಗಳನ್ನು ಆಗಾಗ ಸೋಪು ನೀರಿನಲ್ಲಿ ತೊಳೆದು ಒರೆಸಿ, ಅರ್ಧ ಜಾರುವಿಕೆ ಅಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ಲೆದರ್ ಗ್ಲೌಸನ್ನು ಬ್ಯಾಗಿನೊಳಗೇ ಬಿಟ್ಟರೆ ಬೂಸ್ಟು ಹಿಡಿಯುವುದು ಗ್ಯಾರಂಟಿ. ಮಳೆಗೆ ಅಂತಲೇ ಬರುವ ಸಿಂಥೆಟಿಕ್ ಗ್ಲೌಸ್ ತಗೊಳ್ಳಿ.

ಹಿಡಿತ ಕೂತ ಮೇಲೆ ಕ್ಲಬ್ ಬರುವ ದಾರಿ. ಬಾಲ್ ಬಲಕ್ಕೆ ಹೋಗುತ್ತದೆ ಅಂತ ಎಲ್ಲರೂ ಎಡಕ್ಕೆ ಗುರಿ ಇಟ್ಟು ನಿಲ್ಲುತ್ತಾರೆ. ಇದರಷ್ಟು ಕೆಟ್ಟ ಮದ್ದು ಇನ್ನೊಂದಿಲ್ಲ. ಭುಜ ಎಡಕ್ಕೆ ತೆರೆಯುತ್ತದೆ, ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ಯುತ್ತದೆ, ಸ್ಲೈಸ್ ಇನ್ನೂ ಜಾಸ್ತಿ. ಗುರಿಗೆ ಸಮವಾಗಿ ನಿಲ್ಲಿ. ಒಂದು ಬೈರಾಸನ್ನು (ಟವೆಲ್) ಸುರುಳಿ ಸುತ್ತಿ ಬಾಲಿನ ಆಚೆ ಬದಿ, ಒಂದು ಗೇಣು ಹಿಂದಕ್ಕೆ ಇಡಿ. ಅದಕ್ಕೆ ತಾಗದ ಹಾಗೆ ಬಾಲ್ ಹೊಡೆಯಬೇಕು. ಕ್ಲಬ್ ಹೊರಗಿನಿಂದ ಬಂದರೆ ಬೈರಾಸು ಹಾರುತ್ತದೆ, ಯಾರೂ ಹೇಳಬೇಕಾಗಿಲ್ಲ. ಇದನ್ನು ಸೆವೆನ್ ಐರನ್‌ನಲ್ಲಿ, ಅರ್ಧ ಸ್ವಿಂಗ್‌ನಲ್ಲೇ ಮಾಡಿ. ಮುಂದಿನ ಕಾಲಿಗೆ ನುಗ್ಗುವ ಕ್ರಿಕೆಟ್ ಚಟ ಇದ್ದರೆ ಎರಡೂ ಪಾದ ಜೋಡಿಸಿ ನಿಂತು ಮೆಲ್ಲಗೆ ಕೆಲವು ಬಾಲ್ ಹೊಡೆಯಿರಿ. ನುಗ್ಗಿದರೆ ಮುಗ್ಗರಿಸುತ್ತೀರಿ.

ಜೋರಾಗಿ ಹೊಡೆಯುವ ಆಸೆ ಸದ್ಯ ಬೇಡ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದಾಗ, ಡ್ರೈವ್ ದೂರದಲ್ಲಿ ಎದುರಾಳಿಗಳಿಗಿಂತ ಹಿಂದೇ ಇದ್ದರು, ಅಲ್ವಾ?

ಡ್ರೈವರ್‌ಗೆ ಮರಳಿದಾಗ ಬಾಲ್ ಎಡ ಹಿಮ್ಮಡಿಯ ನೇರಕ್ಕೆ ಇರಲಿ. ಫೇಸ್ ಒರೆಸಿ ಒಣಗಿಸಿ, ಮುಖಕ್ಕೆ ಹಾಕುವ ಪೌಡರ್ ತೆಳ್ಳಗೆ ಸವರಿ ಹೊಡೆಯಿರಿ. ಬಾಲ್ ತಾಗಿದ ಗುರುತು ಅದರಲ್ಲಿ ಬೀಳುತ್ತದೆ. ಗುರುತು ಶಾಫ್ಟ್ (ಕ್ಲಬ್ಬಿನ ಉದ್ದನೆಯ ಕಡ್ಡಿ) ಬದಿಗೆ ಇದ್ದರೆ ಅದರಿಂದಲೇ ಬಾಲ್ ಬಲಕ್ಕೆ ಬಾಗುತ್ತದೆ, ಸ್ವಲ್ಪ ದೂರ ನಿಂತು ನೋಡಿ. ಇಷ್ಟಾದರೂ ಸರಿ ಹೋಗದಿದ್ದರೆ ಕೋಚ್ ಹತ್ತಿರ ಹೋಗಿ. ಹೋಗುವಾಗ ನಿಮ್ಮ ಬೆನ್ನ ಹಿಂದಿನಿಂದ ಅಲ್ಲ, ಗುರಿಯ ನೇರಕ್ಕೆ ಬಾಲಿನ ಹಿಂದೆ ನಿಂತು, ಕೈಯ ಎತ್ತರದಲ್ಲಿ ಸ್ಲೋ ಮೋಷನ್‌ನಲ್ಲಿ ತೆಗೆದ ವಿಡಿಯೋ ಒಂದು ಮೊಬೈಲ್‌ನಲ್ಲಿರಲಿ.